ಖಾಲಿ ಇದ್ದಾಗ ಕುದುರೆ, ಎಂಟು ಚೀಲ ಹಾಕಿದರೆ ಮಿಸ್ಸಿಂಗ್: ಹಳೇ ಓಮ್ನಿ, ಕಲಬುರಗಿ–ಬೀದರ್ ರೋಡ್

ಗಂಜ್ ಓಮ್ನಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ನನ್ನದು 1998ರ ಮಾರುತಿ ಓಮ್ನಿ. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ. ಮಾವನವರು ಓಡಿಸುತ್ತಿದ್ದರು, ಈಗ ನನ್ನ ಹೊಟ್ಟೆಪಾಡು ಅದರ ಮೇಲೆ. ವಾರಕ್ಕೆ ಎರಡು ಸಲ ನೆಹರು ಗಂಜ್‌ನಿಂದ ತೊಗರಿಬೇಳೆ ಹಾಕಿಕೊಂಡು ಬೀದರ್‌ನ ಅಂಗಡಿಗಳಿಗೆ ಕೊಟ್ಟು ಬರುತ್ತೇನೆ. 50 ಕೆಜಿಯ 8 ಚೀಲ, ನಾನು, ಜೊತೆಗೆ ಇಳಿಸಲಿಕ್ಕೆ ಒಬ್ಬ ಹುಡುಗ.

ಖಾಲಿ ಇದ್ದಾಗ ಗಾಡಿ ಚೊಕ್ಕ. ಊರೊಳಗೆ ಏನೂ ತೊಂದರೆ ಇಲ್ಲ. ಲೋಡ್ ಹಾಕಿಕೊಂಡು ಕಮಲಾಪುರ ದಾಟಿ ಏರು ಶುರುವಾಯಿತು ಅಂದರೆ ಮಿಸ್ಸಿಂಗ್. ಮೂರನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಟಪ್, ಟಪ್ ಅಂತ ಜಗ್ಗುತ್ತದೆ. ಕಾಲು ಸ್ವಲ್ಪ ಎತ್ತಿದರೆ ನೆಟ್ಟಗೆ ಹೋಗುತ್ತದೆ. ಹುಮನಾಬಾದ್ ಹತ್ತಿರ ಬರುವ ಹೊತ್ತಿಗೆ ಪಿಕಪ್ಪೇ ಸತ್ತುಹೋಗಿರುತ್ತದೆ. ಹಿಂದೆ ಬರುವ ಟ್ರಾಕ್ಟರ್ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ, ಇನ್ನೇನು ಹೇಳಲಿ.

ಇಲ್ಲಿಯವರೆಗೆ ಕಿಡಿ ಹಚ್ಚುವ ಪ್ಲಗ್ ಮೂರೂ ಹೊಸದು ಹಾಕಿಸಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆಸಿದೆ. ಪೆಟ್ರೋಲ್ ಫಿಲ್ಟರ್ ಹೊಸದು. 2,600 ರೂಪಾಯಿ ಹೋಯಿತು, ಕಾಯಿಲೆ ಅಲ್ಲೇ ಇದೆ. ಈಗ ಮೆಕ್ಯಾನಿಕ್ "ಎಂಜಿನ್ ಕೆಳಗೆ ಇಳಿಸಿ ನೋಡೋಣ" ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ನಿಮ್ಮನ್ನು ಕೇಳೋಣ ಅಂತ ಬಂದೆ.

ಬೀದರ್ ಕೋಟೆ

ಇದರಲ್ಲಿ ಕೇಳೋದೇನಿದೆ? ಇ20 ಪೆಟ್ರೋಲ್, ಅದೇ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು. ಹಳೇ ಗಾಡಿಗಳೆಲ್ಲ ಹೀಗೇ ಆಗುತ್ತಿವೆ. ನನ್ನ ಹಳೇ ಸ್ಕೂಟರ್ ಕೂಡ ಕೆಮ್ಮುತ್ತಿದೆ.

ಯಾದಗಿರಿ ಡೀಸೆಲ್

ಗುಜರಿಗೆ ಹಾಕಿ ಒಂದು ಡೀಸೆಲ್ ಗಾಡಿ ತಗೊಳ್ರಿ. ಪ್ಲಗ್ಗೂ ಇಲ್ಲ, ಮಿಸ್ಸಿಂಗೂ ಇಲ್ಲ.

ಸೇಡಂ ಸಿಮೆಂಟು

ಡೀಸೆಲ್‌ನಲ್ಲೂ ಮಿಸ್ಸಿಂಗ್ ಇರುತ್ತದೆ ಸ್ವಾಮಿ. ನೋಜಲ್ ಕೆಟ್ಟಾಗ, ಡೀಸೆಲ್ ಲೈನಿಗೆ ಗಾಳಿ ಹೊಕ್ಕಾಗ ಗೊತ್ತಾಗುತ್ತದೆ ನಿಮಗೆ. ಅದಿರಲಿ. ಗಂಜ್ ಅಣ್ಣಾ, 400 ಕೆಜಿ ಬೇಳೆ, ಮೇಲೆ ಇಬ್ಬರು ಆಳು. ಆರ್‌ಸಿಯಲ್ಲಿ ಎಷ್ಟು ತೂಕ ಬರೆದಿದ್ದಾರೆ ಒಮ್ಮೆ ನೋಡಿ. ಬ್ರೇಕೂ ಅಷ್ಟೇ ಹಳೆಯದು ಅಲ್ವಾ?

ಗಂಜ್ ಓಮ್ನಿ

ಆರ್‌ಸಿ ನೋಡಿಯೇ ಲೋಡ್ ಹಾಕೋದು ಅಣ್ಣಾ. ಎರಡು ವರ್ಷದಿಂದ ಇಷ್ಟೇ ಚೀಲ ಒಯ್ಯುತ್ತಿದ್ದೇನೆ. ಮಿಸ್ಸಿಂಗ್ ಶುರುವಾಗಿದ್ದು ಸಂಕ್ರಾಂತಿ ಆದ ಮೇಲೆ.

ಗ್ಯಾರೇಜ್ ಕಾಕಾ (ಶಹಾಬಾದ್)

ತಮ್ಮಾ, ಎಂಜಿನ್ ಇಳಿಸಬೇಡ. ಯಾರಿಗೂ ಇಳಿಸಲು ಬಿಡಬೇಡ. ನಾನು 31 ವರ್ಷ ಪರ್ಸಿ ಕಲ್ಲು ಹೊರುವ ಗಾಡಿಗಳನ್ನೇ ರಿಪೇರಿ ಮಾಡಿದವನು. ಲೋಡಿನಲ್ಲಿ ಮಾತ್ರ ಬರುವ ಕಾಯಿಲೆಗೆ ಮೊದಲು ಪ್ರಶ್ನೆ ಕೇಳಬೇಕು, ಪಾನಾ ಆಮೇಲೆ. ಇವಕ್ಕೆ ಉತ್ತರ ಕೊಡು.

ನೀನು ಎರಡು ಮಾತು ಹೇಳಿದ್ದೀ. ಒಂದು, ಟಪ್ ಟಪ್ ಅಂತ ಜಗ್ಗುತ್ತದೆ. ಇನ್ನೊಂದು, ಪಿಕಪ್ ಸತ್ತುಹೋಗುತ್ತದೆ. ಎರಡೂ ಒಂದೇನಾ, ಬೇರೆ ಬೇರೆಯಾ? ಸರಿಯಾಗಿ ನೆನಪು ಮಾಡಿಕೋ.

ಜಗ್ಗುವಾಗ ಎಂಜಿನ್ ಸದ್ದು ಏರುತ್ತದಾ? ಸದ್ದು ಏರಿ ಗಾಡಿ ಓಡದಿದ್ದರೆ ಅದು ಮಿಸ್ಸಿಂಗ್ ಅಲ್ಲ, ಕ್ಲಚ್ ಜಾರುತ್ತಿದೆ.

ಯಾವ ಹೊತ್ತಿಗೆ ಹೊರಡುತ್ತೀ? ಮಾರ್ಚ್ ಬಂತು, ನಮ್ಮ ಕಡೆ ಬಿಸಿಲು ಗೊತ್ತಲ್ಲ. ಪೈಪಿನಲ್ಲೇ ಪೆಟ್ರೋಲ್ ಕುದ್ದು ಆವಿಯಾಗುವುದೂ ಉಂಟು.

ರೇಡಿಯೇಟರ್ ನೀರು ಕಡಿಮೆ ಆಗುತ್ತದಾ? ಸೈಲೆನ್ಸರ್‌ನಲ್ಲಿ ಯಾವ ಬಣ್ಣದ ಹೊಗೆ? ತೆಗೆದ ಹಳೇ ಪ್ಲಗ್ ಇಟ್ಟಿದ್ದೀಯಾ, ಬಿಸಾಕಿದ್ದೀಯಾ?

ಗಂಜ್ ಓಮ್ನಿ

ಕಾಕಾ, ಒಂದೊಂದಾಗಿ ಹೇಳುತ್ತೇನೆ.

ನೀವು ಕೇಳಿದ ಮೇಲೆ ಯೋಚಿಸಿದೆ. ಎರಡೂ ಬೇರೆ. ಜಗ್ಗುವುದು ಏರು ಹತ್ತಿದ ತಕ್ಷಣ ಶುರು. ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದು ಬಿಟ್ಟ ಹಾಗೆ. ಪಿಕಪ್ ಸಾಯುವುದು ಮುಕ್ಕಾಲು ಗಂಟೆ ಓಡಿದ ಮೇಲೆ. ಅದರಲ್ಲಿ ಜರ್ಕ್ ಇಲ್ಲ. ಉಸಿರು ಕಟ್ಟಿದ ಹಾಗೆ ಮೆಲ್ಲಗೆ ಕೆಳಗಿಳಿಯುತ್ತದೆ.

ಎಂಜಿನ್ ಸದ್ದು ಏರುವುದಿಲ್ಲ, ಬೀಳುತ್ತದೆ. ಬೆಳಿಗ್ಗೆ 5ಕ್ಕೆ ಹೊರಡುತ್ತೇನೆ, ಆ ಹೊತ್ತಿಗೆ ತಂಪೇ ಇರುತ್ತದೆ. ನೀರು ಕಡಿಮೆ ಆಗಿಲ್ಲ. ಹೊಗೆ ಇಲ್ಲ. ಹಳೇ ಪ್ಲಗ್ ಡಬ್ಬಿಯಲ್ಲಿವೆ. 1 ಮತ್ತು 3ನೇದು ಬೆಲ್ಲದ ಬಣ್ಣ. 2ನೇದು ಕರ್ರಗೆ, ಮೂಸಿದರೆ ಪೆಟ್ರೋಲ್ ವಾಸನೆ.

ಗ್ಯಾರೇಜ್ ಕಾಕಾ

ಶಭಾಷ್. ಅರ್ಧ ಕೆಲಸ ನೀನೇ ಮಾಡಿದಿ. ಬಣ್ಣ ನೋಡು: ಎರಡು ಸಿಲಿಂಡರ್ ಸರಿಯಾಗಿ ಉರಿದಿವೆ, ನಡುವಿನದು ಉರಿದಿಲ್ಲ. ಕಾರ್ಬೊರೇಟರ್ ತಪ್ಪಾಗಿದ್ದರೆ ಮೂರೂ ಒಂದೇ ಬಣ್ಣಕ್ಕೆ ಬರುತ್ತಿದ್ದವು, ಮೂರಕ್ಕೂ ಒಂದೇ ಕಾರ್ಬೊರೇಟರ್ ತಾನೇ? 2ನೇ ಸಿಲಿಂಡರಿಗೆ ಪೆಟ್ರೋಲ್ ಬಂದಿದೆ, ಕಿಡಿ ಸಿಕ್ಕಿಲ್ಲ. ಕಾರ್ಬೊರೇಟರ್ ತೊಳೆದ ದುಡ್ಡು ದಂಡ.

ಬೀದರ್ ಕೋಟೆ

ಕಿಡಿ ಇಲ್ಲ ಅಂದರೆ ಖಾಲಿ ಗಾಡಿಯಲ್ಲೂ ಮಿಸ್ಸಿಂಗ್ ಬರಬೇಕಲ್ಲ ಕಾಕಾ? ಖಾಲಿ ಇದ್ದಾಗ ಚೊಕ್ಕ ಅನ್ನುತ್ತಿದ್ದಾರೆ.

ಐಟಿಐ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಹುಡುಗರೂ ಪ್ರತಿ ವರ್ಷ ಇಲ್ಲೇ ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ಲಗ್ಗಿನ ತುದಿಯಲ್ಲಿ ಒಂದು ಸಣ್ಣ ಸಂದು ಇದೆ. ಕಿಡಿ ಅದನ್ನು ಹಾರಬೇಕು. ಹೊರಗೆ ಬಯಲಿನಲ್ಲಿ ಹಾರುವುದು ಸುಲಭ. ಸಿಲಿಂಡರಿನ ಒಳಗೆ ಗಾಳಿ ಒತ್ತಿ ತುಂಬಿರುತ್ತದೆ. ಗಾಳಿ ದಟ್ಟವಾದಷ್ಟೂ ಹಾರಲು ಜಾಸ್ತಿ ವೋಲ್ಟೇಜ್ ಬೇಕು.

ಖಾಲಿ ಗಾಡಿ ಸಪಾಟು ರಸ್ತೆಯಲ್ಲಿ ಹೋಗುವಾಗ ನೀವು ಎಕ್ಸಲೇಟರ್ ಎಷ್ಟು ಒತ್ತಿರುತ್ತೀರಿ? ಕಾಲು ಭಾಗ. ಕಾರ್ಬೊರೇಟರಿನ ಬಾಗಿಲು ಅಷ್ಟೇ ತೆರೆದಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯೂ ಕಡಿಮೆ. ಒತ್ತಡ ಕಡಿಮೆ, ಕಿಡಿ ಆರಾಮವಾಗಿ ಹಾರುತ್ತದೆ. 8 ಚೀಲ ಹಾಕಿ ಏರು ಹತ್ತುವಾಗ ಬಾಗಿಲು ಪೂರ್ತಿ ತೆರೆದಿದೆ. ಸಿಲಿಂಡರ್ ತುಂಬ ಗಾಳಿ. ಈಗ ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡುವ ಸುರುಳಿ) ಜಾಸ್ತಿ ವೋಲ್ಟೇಜ್ ಏರಿಸಬೇಕು. ಪ್ಲಗ್ ವೈರಿನಲ್ಲೋ, ಮೂರೂ ಪ್ಲಗ್ಗಿಗೆ ಕರೆಂಟು ಹಂಚುವ ಡೆಲ್ಕೊ ಕ್ಯಾಪಿನಲ್ಲೋ ಸಣ್ಣ ಬಿರುಕು ಇದ್ದರೆ, ಕರೆಂಟು ಸಿಲಿಂಡರಿನ ಒಳಗೆ ಕಷ್ಟಪಟ್ಟು ಹಾರುವುದು ಬಿಟ್ಟು ಆ ಬಿರುಕಿನಿಂದ ಎಂಜಿನ್ ಮೈಗೆ ಹಾರಿಬಿಡುತ್ತದೆ. ಒಳಗೆ ಕಿಡಿ ಇಲ್ಲ. ಕಾಲು ಎತ್ತಿದರೆ ಒತ್ತಡ ಇಳಿಯುತ್ತದೆ, ಕಿಡಿ ಮತ್ತೆ ಸರಿಯಾದ ದಾರಿ ಹಿಡಿಯುತ್ತದೆ.

ಹೊಲದ ಕಾಲುವೆ ನೆನಪು ಮಾಡಿಕೊಳ್ಳಿ. ಬದುವಿನಲ್ಲಿ ಇಲಿ ಬಿಲ ಇದ್ದರೂ ನೀರು ತೆಳ್ಳಗೆ ಹರಿಯುವಾಗ ಗೊತ್ತಾಗುವುದಿಲ್ಲ. ಮುಂದೆ ಮಡೆ ಕಟ್ಟಿ ನೀರು ಏರಿಸಿದಿರೋ, ಬಿಲದಿಂದ ಹೊರಗೆ ನುಗ್ಗುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಾಲ್ಕು ಸ್ಟ್ರೋಕ್ ಎಂಜಿನ್, 3,000 ಆರ್‌ಪಿಎಂ ಅಂದರೆ ಒಂದು ಪ್ಲಗ್ಗಿಗೆ ನಿಮಿಷಕ್ಕೆ 1,500 ಕಿಡಿ. ಮೂರು ಸಿಲಿಂಡರಿಗೆ 4,500. ಸೆಕೆಂಡಿಗೆ 75. ಅದರಲ್ಲಿ ಹತ್ತೋ ಹನ್ನೆರಡೋ ತಪ್ಪಿದರೂ ನಿಮ್ಮ ಬೆನ್ನಿಗೆ ಗೊತ್ತಾಗುತ್ತದೆ, ಮೂರೇ ಸಿಲಿಂಡರ್ ನೋಡಿ.

ಬೀದರ್ ಕೋಟೆ

ಸರಿ ಮೇಷ್ಟ್ರೇ, ಅರ್ಥ ಆಯಿತು. ಹಂಗಂತ ಇ20ದು ಏನೂ ತಪ್ಪಿಲ್ಲ ಅಂತೀರಾ?

ಐಟಿಐ ಮೇಷ್ಟ್ರು

ಇಲ್ಲ, ಹಾಗನ್ನುವುದಿಲ್ಲ. ಬರೀ ಪೆಟ್ರೋಲ್ 1 ಕೆಜಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು. 20 ಭಾಗ ಎಥನಾಲ್ ಬೆರೆಸಿದಾಗ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕಾಗುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ಕಾರ್ಬೊರೇಟರಿನ ಜೆಟ್‌ಗೆ ಕಣ್ಣಿಲ್ಲ, ತೂತಿನಷ್ಟೇ ಬಿಡುತ್ತದೆ. ಹೀಗಾಗಿ ಮಿಶ್ರಣ ತುಸು ತೆಳ್ಳಗಾಗುತ್ತದೆ. ತೆಳ್ಳಗಿನ ಮಿಶ್ರಣಕ್ಕೆ ಕಿಡಿ ಹಚ್ಚುವುದೂ ಕಷ್ಟ. ಸೋರುವ ವೈರಿಗೆ ಇದು ಗಾಯದ ಮೇಲೆ ಉಪ್ಪು. ಆದರೆ ಇ20 ಮೂರೂ ಸಿಲಿಂಡರಿಗೆ ಹೋಗುತ್ತದೆ. 2ನೇದು ಮಾತ್ರ ಯಾಕೆ ಕರ್ರಗಾಯಿತು?

ಹಳೇ ಗಾಡಿಯವರು ಇ20 ವಿಚಾರದಲ್ಲಿ ನಿಜವಾಗಿ ನೋಡಬೇಕಾದದ್ದು ರಬ್ಬರ್ ಪೈಪು. ಬಗ್ಗಿಸಿದಾಗ ಬಿರುಕು ಕಂಡರೆ ಅಥವಾ ಅಂಟಂಟಾಗಿದ್ದರೆ ಬದಲಿಸಿ. ಓಮ್ನಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ. ಅಲ್ಲಿ ಪೆಟ್ರೋಲ್ ಸೋರಿದರೆ ನೀವು ಕೂತಿರುವುದು ಅದರ ಮೇಲೆ.

ಗ್ಯಾರೇಜ್ ಕಾಕಾ

ಮೇಷ್ಟ್ರು ಹೇಳಿದ ಬಿಲ ಹುಡುಕುವುದು ಹೀಗೆ. ರಾತ್ರಿ ಮಾಡು, ಬೀದಿ ದೀಪ ಇಲ್ಲದ ಕಡೆ. ಮೊದಲು ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ಕೈ ಸವರಿ, ಮೂಸಿ ನೋಡು. ಸೋರುತ್ತಿದ್ದರೆ ಈ ಕೆಲಸ ಬೇಡವೇ ಬೇಡ. ಆಮೇಲೆ ಸೀಟು ಎತ್ತು, ಎಂಜಿನ್ ಸ್ಟಾರ್ಟ್ ಮಾಡು. ವೈರು, ಕ್ಯಾಪು, ಕಾಯಿಲ್ ಮೇಲೆ ನೀರು ಮಂಜಿನ ಹಾಗೆ ಹೊಡೆಯಬೇಕು. ಸುರಿಯಬೇಡ. ಕೈ ದೂರ ಇಟ್ಟುಕೊ, ಹೊಡೆತ ಜೋರಿರುತ್ತದೆ. ಜೊತೆಗೆ ಒಬ್ಬರು ಇರಲಿ, ಎಕ್ಸಲೇಟರ್ ಏರಿಸಿ ಇಳಿಸಲಿಕ್ಕೆ.

ಓಡುವ ಎಂಜಿನ್ನಿನಲ್ಲಿ ವೈರು ಕಿತ್ತು "ಯಾವ ಸಿಲಿಂಡರ್" ಅಂತ ನೋಡುವವರಿದ್ದಾರೆ, ನಾನೂ ಹಿಂದೆ ಮಾಡುತ್ತಿದ್ದೆ. ಬೇಡ. ಕಾಯಿಲ್ಲಿಗೂ ಕೆಟ್ಟದ್ದು, ಕೈಗೂ ಕೆಟ್ಟದ್ದು. ಎಂಜಿನ್ ಆರಿಸು, ಒಂದು ವೈರು ಬಿಚ್ಚು, ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ ಎಂಜಿನ್ ಮೈಗೆ ಗಟ್ಟಿಯಾಗಿ ತಾಗಿಸಿ ಕಟ್ಟು, ಆಮೇಲೆ ಸ್ಟಾರ್ಟ್ ಮಾಡು.

ಹೊಸ ಪ್ಲಗ್ಗಿನ ಸಂದೂ ಅಳೆದು ನೋಡು. ಈ ಗಾಡಿಗೆ 0.7ರಿಂದ 0.8 ಮಿಮೀ. ಡಬ್ಬಿಯಿಂದ ಬಂದದ್ದೆಲ್ಲ ಸರಿ ಇರುವುದಿಲ್ಲ.

ಗಂಜ್ ಓಮ್ನಿ

ನಿನ್ನೆ ರಾತ್ರಿ ಮಾಡಿದೆ. ಪೂರ್ತಿ ಹೇಳಲೇಬೇಕು.

ನೀರು ಹೊಡೆಯಲು ಏನೂ ಇರಲಿಲ್ಲ. ನಮ್ಮ ಓಣಿಯ ಇಸ್ತ್ರಿ ಅಂಗಡಿಯವರ ಸ್ಪ್ರೇ ಬಾಟಲಿ ಕೇಳಿ ತಂದೆ. "ಗಾಡಿಗೆ ಇಸ್ತ್ರಿ ಹಾಕ್ತೀರೇನ್ರಿ" ಅಂತ ನಕ್ಕರು. ರಿಂಗ್ ರೋಡಿನಾಚೆ ಒಂದು ಖಾಲಿ ಪ್ಲಾಟಿಗೆ ಗಾಡಿ ಒಯ್ದೆ. ಅಮಾವಾಸ್ಯೆ ಹತ್ತಿರ, ಗಾಢ ಕತ್ತಲು. ಅಳಿಯ ಹುಡುಗನನ್ನು ಎಕ್ಸಲೇಟರ್ ಹತ್ತಿರ ನಿಲ್ಲಿಸಿದೆ.

ಸೀಟು ಎತ್ತಿ ಟಾರ್ಚ್ ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಎರಡು ಸಲ ಪುಸ್ ಪುಸ್ ಅಂತ ನೀರು ಹೊಡೆದೆ. ಹುಡುಗ ರೇಸ್ ಮಾಡಿದ. 2ನೇ ಸಿಲಿಂಡರಿನ ವೈರು ಒಂದು ತಗಡಿನ ಪಟ್ಟಿಗೆ ಒರಗಿಕೊಂಡಿತ್ತು. ಅಲ್ಲಿಂದ ನೀಲಿ ದಾರ! ಕೂದಲಿನಷ್ಟು ತೆಳ್ಳಗೆ. ಚಟ್ ಚಟ್ ಅಂತ ಪಟ್ಟಿಗೆ ಹಾರುತ್ತಿತ್ತು. ಒಂದೊಂದು ಚಟ್‌ಗೂ ಎಂಜಿನ್ ಒಮ್ಮೆ ಕುಂಟುತ್ತಿತ್ತು. ಅದೇ ಜಗ್ಗುವಿಕೆ, ಅದೇ ತಾಳ. ಎರಡು ತಿಂಗಳಿಂದ ಬೆನ್ನಿಗೆ ಗೊತ್ತಿದ್ದದ್ದು ಮೊದಲ ಸಲ ಕಣ್ಣಿಗೆ ಕಂಡಿತು.

ಎಂಜಿನ್ ಆರಿಸಿ ವೈರು ತೆಗೆದು ನೋಡಿದೆ. ವೈರು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮುರಿದುಹೋಗಿದೆ. ವೈರು ಪಟ್ಟಿಗೆ ಉಜ್ಜಿ ಉಜ್ಜಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕಿ ಬಿದ್ದಿದೆ. ಬೆಳಿಗ್ಗೆ ಮೀಟರ್ ಹಚ್ಚಿ ವೈರುಗಳ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) ನೋಡಿದರೆ 1 ಮತ್ತು 3ನೇ ವೈರು 6 ಕಿಲೋ ಓಮ್ ಆಸುಪಾಸು, 2ನೇದು 48. ಹೊಸ ಪ್ಲಗ್ಗಿನ ಸಂದು? 1.1 ಮಿಮೀ! ಬೇರೆ ಯಾವುದೋ ಗಾಡಿಯ ಪ್ಲಗ್ ಕೊಟ್ಟಿದ್ದಾರೆ. ಅಂದರೆ ರಿಪೇರಿ ಅಂತ ಹಾಕಿಸಿದ್ದೇ ಕಾಯಿಲೆ ಜಾಸ್ತಿ ಮಾಡಿತ್ತು.

ಇವತ್ತು ವೈರ್ ಸೆಟ್ 450, ಡೆಲ್ಕೊ ಕ್ಯಾಪ್ ಮತ್ತು ರೋಟರ್ 260, ಸರಿಯಾದ ಪ್ಲಗ್ ಮೂರು. ಗುರುವಾರ ಬೀದರ್ ಇದೆ, ನೋಡೋಣ.

ಗ್ಯಾರೇಜ್ ಕಾಕಾ

ಕ್ಲಿಪ್ ಮರೆಯಬೇಡ. ಕ್ಲಿಪ್ ಇಲ್ಲದೆ ಹೊಸ ವೈರು ಹಾಕಿದರೆ ಆರು ತಿಂಗಳಿಗೆ ಮತ್ತೆ ಇಲ್ಲೇ ಬರುತ್ತೀ.

ಗಂಜ್ ಓಮ್ನಿ

ಹೋಗಿ ಬಂದೆ. ಅರ್ಧ ಗೆದ್ದೆ, ಅರ್ಧ ಸೋತೆ.

ಕಮಲಾಪುರದ ಏರಿನಲ್ಲಿ ಒಂದು ಸಲವೂ ಜಗ್ಗಲಿಲ್ಲ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದೆ, ಬೆಣ್ಣೆ. ಹುಡುಗ ಬಾಳೆಹಣ್ಣು ತಗೊಳ್ಳೋಣ ಅಂದ, ಕೆಂಪು ಬಾಳೆ ಒಂದು ಡಜನ್ ತಗೊಂಡು ಖುಷಿಯಲ್ಲಿ ಹೊರಟೆವು. ಕಿಣ್ಣಿ ಸಡಕ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಆ ಎರಡನೇ ಕಾಯಿಲೆ. ಉಸಿರು ಕಟ್ಟಿತು. 60ರಲ್ಲಿ ಹೋಗುತ್ತಿದ್ದದ್ದು 40ಕ್ಕೆ ಬಂತು. ಹುಮನಾಬಾದ್‌ನಲ್ಲಿ ಬಂಕಿಗೆ ಹೋಗಿ 5 ಲೀಟರ್ ಹಾಕಿಸಿದೆ. ಅಲ್ಲಿಂದ ಬೀದರ್‌ವರೆಗೆ ಏನೂ ಇಲ್ಲ. ಹಿಂದಿನ ಸಲವೂ ಹೀಗೇ ಆಗಿತ್ತು. ಹುಮನಾಬಾದ್ ಪೆಟ್ರೋಲ್ ಬಿದ್ದರೆ ಗಾಡಿ ಸರಿ ಹೋಗುತ್ತದೆ.

ಬೀದರ್ ಕೋಟೆ

ನಾನು ಹೇಳಲಿಲ್ವಾ? ಪೆಟ್ರೋಲ್‌ನದೇ ಆಟ! ಕಲಬುರಗಿಯಲ್ಲಿ ಹಾಕಿಸಿದ್ದು ಸರಿ ಇಲ್ಲ.

ಸೇಡಂ ಸಿಮೆಂಟು

ಅರ್ಧ ಟ್ಯಾಂಕ್ ಹಳೇ ಪೆಟ್ರೋಲ್‌ಗೆ 5 ಲೀಟರ್ ಬೆರೆಸಿದ ತಕ್ಷಣ ಗುಣ ಆಗುತ್ತದಾ? ಪೈಪಿನಲ್ಲಿ, ಕಾರ್ಬೊರೇಟರಿನಲ್ಲಿ ಇರುವುದು ಹಳೆಯದೇ ಅಲ್ವಾ. ಪಂಪ್ ಇರಬಹುದು. ಪಂಪಿನ ಡಯಾಫ್ರಮ್, ಅಂದರೆ ಒಳಗಿನ ಪೊರೆ, ಹರಿದಿದ್ದರೆ ಬೇಡಿಕೆ ಜಾಸ್ತಿಯಾದಾಗ ಪೂರೈಸುವುದಿಲ್ಲ.

ಐಟಿಐ ಮೇಷ್ಟ್ರು

ಪಂಪ್ ಆಗಿದ್ದರೆ ಏರಿನ ಶುರುವಿನಲ್ಲೇ ಸೋಲಬೇಕಿತ್ತು. ಮುಕ್ಕಾಲು ಗಂಟೆ ಯಾಕೆ ಕಾಯುತ್ತದೆ? ಟ್ಯಾಂಕಿನ ತಳದ ಕೊಳೆ ಜಾಲರಿಗೆ ಹತ್ತುತ್ತಾ ಬರುವುದೂ ಉಂಟು. ನಿಲ್ಲಿಸಿದಾಗ ಕೊಳೆ ಕೆಳಗೆ ಇಳಿದು ಮತ್ತೆ ಸರಿ ಹೋದ ಹಾಗೆ ಕಾಣುತ್ತದೆ. ಟ್ಯಾಂಕ್ ತೊಳೆಸಿ ಎಷ್ಟು ವರ್ಷ ಆಯಿತು?

ರೊಟ್ಟಿ ಕೇಂದ್ರ (ಆಳಂದ)

ನಾನು ಬರೀ ಓದುತ್ತಿದ್ದವಳು, ಮೆಕ್ಯಾನಿಕ್ ಅಲ್ಲ. ನನ್ನದು ಹಳೇ ಮಾರುತಿ 800, ಖಡಕ್ ರೊಟ್ಟಿ ಡಬ್ಬಿ ಹಾಕಿಕೊಂಡು ಕಲಬುರಗಿಗೆ ಓಡಾಡುತ್ತೇನೆ. ಒಂದು ಪ್ರಶ್ನೆ ತಮ್ಮಾ. ನಡುವೆ ಚಹಾಕ್ಕೆ ನಿಲ್ಲಿಸಿದಾಗ ಗಾಡಿ ಸರಿ ಹೋಗುತ್ತದಾ, ಪೆಟ್ರೋಲ್ ಹಾಕಿಸಿದಾಗ ಮಾತ್ರ ಸರಿ ಹೋಗುತ್ತದಾ?

ಗಂಜ್ ಓಮ್ನಿ

ಅಕ್ಕಾ, ಚಹಾಕ್ಕೆ ನಿಲ್ಲಿಸಿದರೆ ಹತ್ತು ನಿಮಿಷ ಸರಿ, ಮತ್ತೆ ಅದೇ ಕಥೆ. ಪೆಟ್ರೋಲ್ ಹಾಕಿಸಿದರೆ ಬೀದರ್ ಮುಟ್ಟುವವರೆಗೂ ಸರಿ.

ರೊಟ್ಟಿ ಕೇಂದ್ರ

ಹಾಗಾದರೆ ಪೆಟ್ರೋಲ್ ಅಲ್ಲ. ಪೆಟ್ರೋಲ್ ಹಾಕಿಸಲು ಏನು ತೆಗೆದೆ? ಮುಚ್ಚಳ! ಟ್ಯಾಂಕಿನ ಕ್ಯಾಪ್ ಯಾವಾಗಿನದು?

ಗಂಜ್ ಓಮ್ನಿ

ಅಯ್ಯೋ. ಜನವರಿಯಲ್ಲಿ ಬಂಕಿನಲ್ಲಿ ಕ್ಯಾಪ್ ಮರೆತು ಬಂದಿದ್ದೆ. ಅಂಗಡಿಯಲ್ಲಿ 90 ರೂಪಾಯಿಗೆ ಸಿಕ್ಕಿದ್ದು ಹಾಕಿದೆ.

ಗ್ಯಾರೇಜ್ ಕಾಕಾ

ಅವ್ವಾ, ನಿನಗೆ ಕೈ ಮುಗಿದೆ. ನಾನು ಕಾಯಿಲ್ ಬಿಸಿಯಾಗುತ್ತಿದೆ ಅಂತ ಬರೆಯಲು ಕೂತಿದ್ದೆ.

ತಮ್ಮಾ, ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಹಳೇ ಕ್ಯಾಪಿನಲ್ಲಿ ಅದಕ್ಕೊಂದು ಸಣ್ಣ ದಾರಿ ಇರುತ್ತದೆ. ಆ 90 ರೂಪಾಯಿ ಕ್ಯಾಪಿನಲ್ಲಿ ಇರಲಿಕ್ಕಿಲ್ಲ. ಒಳಗೆ ನಿರ್ವಾತ ಕಟ್ಟುತ್ತದೆ, ಪಂಪು ಎಳೆದೂ ಎಳೆದೂ ಸೋಲುತ್ತದೆ. ಖಾಲಿ ಗಾಡಿ ಊರೊಳಗೆ ಓಡುವಾಗ ಕುಡಿಯುವುದೇ ಕಡಿಮೆ, ಗೊತ್ತಾಗುವುದಿಲ್ಲ. ಮುಂದಿನ ಸಲ ಉಸಿರು ಕಟ್ಟಿದ ಕೂಡಲೇ ಗಾಡಿ ಬದಿಗೆ ಹಾಕಿ, ಎಂಜಿನ್ ಆರಿಸಿ, ಕಿವಿ ಹತ್ತಿರ ಇಟ್ಟು ಕ್ಯಾಪ್ ಮೆಲ್ಲಗೆ ತಿರುಗಿಸು. ಬೀಡಿ ಸೇದುವವರು ಹತ್ತಿರ ಬೇಡ.

ಯಾದಗಿರಿ ಡೀಸೆಲ್

ಈಗ ನನಗೂ ಕುತೂಹಲ. ಸೋಮವಾರ ಹೋಗ್ತೀರಾ?

ಗಂಜ್ ಓಮ್ನಿ

ಸೋಮವಾರದ ವರದಿ. ಕಿಣ್ಣಿ ಸಡಕ್ ದಾಟಿ ಮೂರ್ನಾಲ್ಕು ಕಿಲೋಮೀಟರಿಗೆ ಉಸಿರು ಕಟ್ಟಿತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಕ್ಯಾಪ್ ಕಾಲು ಸುತ್ತು ತಿರುಗಿಸಿದೆ. ಸುಸ್ಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು, ಎಷ್ಟು ಹೊತ್ತು ಅಂದರೆ ಹುಡುಗ ಇಳಿದು ಬಂದು "ಪಂಕ್ಚರ್ ಏನಣ್ಣಾ" ಅಂತ ಕೇಳಿದ. ಒಂದು ಹನಿ ಪೆಟ್ರೋಲ್ ಹಾಕಲಿಲ್ಲ. ಮುಚ್ಚಿ ಹೊರಟೆ, ಗಾಡಿ 60ಕ್ಕೆ ಬಂತು.

ಬೀದರ್‌ನಲ್ಲಿ ಗಾಳಿ ದಾರಿ ಇರುವ ಸರಿಯಾದ ಕ್ಯಾಪ್ ಸಿಕ್ಕಿತು, 220 ರೂಪಾಯಿ. ಬುಧವಾರ ಮತ್ತೆ 8 ಚೀಲ ಹಾಕಿಕೊಂಡು ಹೋಗಿ ಬಂದೆ. ಎಲ್ಲೂ ಕಾಲು ಎತ್ತಲಿಲ್ಲ. ಬೀದರ್ ನಮಗಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ ಅಂತ ಎರಡು ತಿಂಗಳಿಂದ ಪ್ರತಿ ಏರಿನಲ್ಲೂ ನೆನಪಾಗುತ್ತಿತ್ತು, ಬುಧವಾರ ಮರೆತೇಹೋಗಿತ್ತು.

ಆಳಂದದ ಅಕ್ಕಾ, ನಿಮ್ಮ ಕೇಂದ್ರಕ್ಕೆ ಬೇಳೆ ಬೇಕಿದ್ದರೆ ಹೇಳಿ, ಗಂಜ್ ರೇಟಿಗೇ ತಂದುಕೊಡುತ್ತೇನೆ.

ಬೀದರ್ ಕೋಟೆ

ಒಪ್ಪಿದೆ, ಪೆಟ್ರೋಲ್ ಅಲ್ಲ. ಕಾಕಾ, ನನ್ನ ಸ್ಕೂಟರ್ ನಿಂತಲ್ಲೇ ಕೆಮ್ಮುತ್ತದೆ, ಓಡುವಾಗ ಸರಿ ಇರುತ್ತದೆ. ಅದಕ್ಕೂ ವೈರ್ ಬದಲಿಸಲಾ?

ಗ್ಯಾರೇಜ್ ಕಾಕಾ

ಇವರದ್ದಕ್ಕೆ ಉಲ್ಟಾ ನಿನ್ನದು. ಏನೂ ಬದಲಿಸಬೇಡ. ಲೋಡಿನಲ್ಲಿ ಸರಿ, ನಿಂತಲ್ಲಿ ಕೆಮ್ಮು ಅಂದರೆ ಐಡಲ್ ಜೆಟ್ (ನಿಂತಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿರಬೇಕು, ಇಲ್ಲ ಎಲ್ಲೋ ಗಾಳಿ ಎಳೆಯುತ್ತಿರಬೇಕು, ಇಲ್ಲ ವಾಲ್ವಿನ ಟ್ಯಾಪೆಟ್ ಬಿಗಿ. ಹೊಸ ಚರ್ಚೆ ಶುರು ಮಾಡು, ಪ್ಲಗ್ ತೆಗೆದು ಫೋಟೊ ಹಾಕು. ಪ್ಲಗ್ ಒರೆಸಬೇಡ, ಹೇಗಿದೆಯೋ ಹಾಗೇ.